ಊರಿನ ಸೀಟಾ, ಹೊರರಾಜ್ಯದ ಸೀಟಾ? ಬಿಡಿಎಸ್ ಸೇರುವ ಮುಂಚೆ ನೋಡಬೇಕಾದ್ದು

ನೀಟ್ ಫಲಿತಾಂಶ ಬಂದು ಕೌನ್ಸೆಲಿಂಗ್ ಶುರುವಾಯಿತೆಂದರೆ ನನ್ನ ಕ್ಲಿನಿಕ್ಕಿಗೆ ಹಲ್ಲುನೋವಿಲ್ಲದವರೂ ಬರುತ್ತಾರೆ. ಉಡುಪಿಯಲ್ಲಿ ಹಲ್ಲಿನ ಡಾಕ್ಟರ್ ಆಗಿರುವುದರಿಂದ ಪರಿಚಯದವರಿಗೆಲ್ಲ ಒಂದೇ ಪ್ರಶ್ನೆ. "ಡಾಕ್ಟ್ರೇ, ಮಗಳಿಗೆ ಕೆಇಎಯಲ್ಲಿ ಸರ್ಕಾರಿ ಕೋಟಾದ ಬಿಡಿಎಸ್ ಸೀಟು ಸಿಗುವ ಹಾಗೆ ಕಾಣ್ತದೆ. ಫೀಸು ಕಡಿಮೆ. ಆದರೆ ಚೆನ್ನೈಯ ಆ ದೊಡ್ಡ ಕಾಲೇಜಿನಲ್ಲೂ ಸಿಗ್ತದಂತೆ. ದುಡ್ಡು ಜಾಸ್ತಿ, ಹೆಸರು ಉಂಟು. ಯಾವುದಕ್ಕೆ ಹಾಕುವುದು?"

ಬಿಡಿಎಸ್ ಎಂದರೆ ಹಲ್ಲಿನ ಡಾಕ್ಟರಿಕೆಯ ಡಿಗ್ರಿ, ಕೆಇಎ ಎಂದರೆ ನಮ್ಮ ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ಕರ್ನಾಟಕದ ಕಡಿಮೆ ಫೀಸಿನ ಸೀಟೇ ಸರಿ. ಆದರೆ ಒಂದು ಷರತ್ತು ಇದೆ. ಆ ಕಾಲೇಜಿನ ಒಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ರೋಗಿಗಳು ಬರುತ್ತಿರಬೇಕು. ಬರುತ್ತಿಲ್ಲ ಎಂದಾದರೆ ಫೀಸು ಎಷ್ಟೇ ಕಡಿಮೆ ಇರಲಿ, ಆ ಸೀಟು ಅಗ್ಗವಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

"ಊರಿನದು" ಎಂದ ಮಾತ್ರಕ್ಕೆ ಅಗ್ಗ ಅಲ್ಲ

ಮೊದಲು ಒಂದು ಗೊಂದಲ ಕಳೆಯಬೇಕು. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಮಣಿಪಾಲದ್ದು 1965ರಲ್ಲೇ ಶುರುವಾಯಿತು. ಆಮೇಲೆ ಮಂಗಳೂರಿನ ಲೈಟ್ ಹೌಸ್ ಹಿಲ್‌ನಲ್ಲಿ ಮಣಿಪಾಲದವರದೇ ಇನ್ನೊಂದು ಬಂತು. ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ ಇವೆ. ಕುಂಟಿಕಾನದಲ್ಲಿ ಎ.ಜೆ., ಮುಕ್ಕದಲ್ಲಿ ಶ್ರೀನಿವಾಸ್, ಸುಳ್ಯದಲ್ಲಿ ಕೆವಿಜಿ.

ಇವು ಎರಡು ಜಾತಿಯವು. ಮಣಿಪಾಲದ ಎರಡು, ಎ.ಬಿ. ಶೆಟ್ಟಿ ಮತ್ತು ಯೆನೆಪೋಯ ಡೀಮ್ಡ್ ವಿಶ್ವವಿದ್ಯಾಲಯದ, ಅಂದರೆ ತಾವೇ ಡಿಗ್ರಿ ಕೊಡುವ ಸಂಸ್ಥೆಗಳ, ಕಾಲೇಜುಗಳು. ಇವುಗಳ ಸೀಟು ಕೇಂದ್ರದ ಕೌನ್ಸೆಲಿಂಗ್ ಸಮಿತಿಯಾದ ಎಂಸಿಸಿ ಮೂಲಕ ಇಡೀ ದೇಶದ ಮಕ್ಕಳಿಗೆ ತೆರೆದಿರುತ್ತದೆ. ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಎಂಬ ಕಾರಣಕ್ಕೆ ಫೀಸೇನೂ ಇಳಿಯುವುದಿಲ್ಲ. ಎ.ಜೆ., ಶ್ರೀನಿವಾಸ್, ಕೆವಿಜಿ ಮೂರೂ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಇಂಥ ಖಾಸಗಿ ಕಾಲೇಜುಗಳ ಒಂದು ಪಾಲು ಸೀಟನ್ನು ಕೆಇಎ ಸರ್ಕಾರಿ ಕೋಟಾದ ಕಡಿಮೆ ಫೀಸಿನಲ್ಲಿ ಕೊಡುತ್ತದೆ. ಅದೇ ಕಾಲೇಜಿನ ಅದೇ ಬೆಂಚಿನಲ್ಲಿ ಖಾಸಗಿ ಕೋಟಾದವರು ಹಲವು ಪಟ್ಟು ಕಟ್ಟಿ ಕೂತಿರುತ್ತಾರೆ. ಪೂರ್ತಿ ಸರ್ಕಾರಿ ಕಾಲೇಜು ಬೇಕೆಂದರೆ ಬೆಂಗಳೂರು, ಬಳ್ಳಾರಿ ಕಡೆ ಹೋಗಬೇಕು.

ಹಾಗಾಗಿ "ರಾಜ್ಯದ ಒಳಗೆ, ಕಡಿಮೆ ಫೀಸು" ಎಂದು ನಾನು ಹೇಳುವುದು ಸರ್ಕಾರಿ ಕಾಲೇಜಿನ ಸೀಟು ಅಥವಾ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಮಾತ್ರ. ಕೈಯಲ್ಲಿರುವುದು ದೇರಳಕಟ್ಟೆಯ ಡೀಮ್ಡ್ ಸೀಟು ಮತ್ತು ಚೆನ್ನೈಯ ಡೀಮ್ಡ್ ಸೀಟು ಎಂದಾದರೆ ಅದು ಬೇರೆಯೇ ಲೆಕ್ಕ. ಅಲ್ಲಿ ಉಳಿಯುವುದು ಹಾಸ್ಟೆಲ್ ಖರ್ಚು ಅಷ್ಟೇ. ಆ ಸಂದರ್ಭದಲ್ಲಿ ನಾನಾದರೆ ಮನೆಯಿಂದ ಹೋಗಿ ಬರುವುದನ್ನೇ ಹಿಡಿಯುತ್ತೇನೆ.

ಸಾಲದ ಲೆಕ್ಕ ಪೂರ್ತಿ ಮಾಡಿ

ಫೀಸು ವರ್ಷವರ್ಷವೂ ಬದಲಾಗುತ್ತದೆ. ಅದಕ್ಕೇ ದುಂಡು ಅಂಕಿ ಇಟ್ಟುಕೊಂಡು ಲೆಕ್ಕ ಹಾಕೋಣ. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಊರಿನ ಸೀಟಿಗೆ ವರ್ಷಕ್ಕೆ 1 ಲಕ್ಷ, ಹೊರರಾಜ್ಯದ ಸೀಟಿಗೆ 6 ಲಕ್ಷ ಎಂದಿಟ್ಟುಕೊಳ್ಳಿ. ವ್ಯತ್ಯಾಸ ವರ್ಷಕ್ಕೆ 5 ಲಕ್ಷ. ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈ ವ್ಯತ್ಯಾಸಕ್ಕೆ ನಾಲ್ಕು ವರ್ಷ, ವರ್ಷದ ಮೊದಲಲ್ಲಿ 5 ಲಕ್ಷದಂತೆ 20 ಲಕ್ಷ ಸಾಲ ತೆಗೆದಿರಿ. ಬಡ್ಡಿ ಶೇ. 10. ಈ ಐದೂ ವರ್ಷ ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಕೇಳಲು ಚಂದ. ಆದರೆ ಬಡ್ಡಿ ಮೊದಲ ದಿನದಿಂದ ಓಡುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ ಹಾಕಿದರೂ ಆರು ವರ್ಷದ ಕೊನೆಗೆ 9 ಲಕ್ಷ ಬಡ್ಡಿ ಸೇರಿ ಸಾಲ 29 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 38,300 ರೂಪಾಯಿ ಕಂತು. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 31,200. ಆಗ ಒಟ್ಟು ಕಟ್ಟಿದ್ದು 56 ಲಕ್ಷ ದಾಟುತ್ತದೆ. ಇದು ಬರೀ ಫೀಸಿನ ವ್ಯತ್ಯಾಸ. ಹಾಸ್ಟೆಲ್, ಊಟ, ರೈಲು, ಮಕ್ಕಳು ತಾವೇ ಕೊಳ್ಳಬೇಕಾದ ಹತ್ಯಾರುಗಳು ಇದರಲ್ಲಿ ಸೇರಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಬರೀ ಬಿಡಿಎಸ್ ಮುಗಿಸಿ ಬೇರೆಯವರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ನಮ್ಮ ಊರಿನಲ್ಲಿ ಸಿಗುವ ಮೊದಲ ಸಂಬಳ ಈ ಕಂತಿಗಿಂತ ಕಡಿಮೆ ಇರುವುದೇ ಮಾಮೂಲು. ಹಾಗಾದರೆ ಕಂತು ಕಟ್ಟುವವರು ಯಾರು? ಅಪ್ಪ ಅಮ್ಮ. ಅವರಿಗೆ ರಿಟೈರ್ ಆಗುವ ಹೊತ್ತು. ಸಾಲ ಮಾಡಿದ್ದು ಮಗುವಿನ ಹೆಸರಲ್ಲಿ, ತೀರಿಸುವುದು ಪಿಂಚಣಿಯಲ್ಲಿ. ಇದನ್ನು ಸೀಟು ಆರಿಸುವ ದಿನವೇ ಮಕ್ಕಳ ಎದುರಿಗೆ ಕೂತು ಮಾತಾಡಬೇಕು. ಹದಿನೆಂಟು ವರ್ಷದವರಿಗೆ ಇದು ಅರ್ಥವಾಗುತ್ತದೆ.

ಅಡಮಾನದ ವಿಷಯ ಒಂದಿದೆ. ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗಿನ ವಿದ್ಯಾಸಾಲಕ್ಕೆ ಬ್ಯಾಂಕು ಆಸ್ತಿ ಕೇಳುವುದಿಲ್ಲ. ಅದರ ಮೇಲೆ ಹೋದರೆ ಕೇಳುತ್ತದೆ. "ನಮಗೆ ಅಡಿಕೆ ತೋಟ ಉಂಟಲ್ಲ" ಎಂದು ಧೈರ್ಯದಲ್ಲಿ ಹೋದವರು ಬ್ಯಾಂಕಿನಲ್ಲಿ ಸಪ್ಪೆಯಾಗಿ ಕೂರುವುದುಂಟು. ಕೃಷಿ ಜಮೀನನ್ನು ಹರಾಜಿಗೆ ಹಾಕುವುದು ಬ್ಯಾಂಕಿಗೆ ಕಷ್ಟ, ಅದಕ್ಕೇ ಕನ್ವರ್ಷನ್ ಆದ ಜಾಗ ಅಥವಾ ಮನೆಯ ಪತ್ರವನ್ನೇ ಕೇಳುತ್ತಾರೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನ, ಜಾಮೀನು ಇಲ್ಲದೆ ಸಾಲ ಇದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿಗೆ ಅರ್ಜಿ ಹಾಕಬಹುದು. ನೀವು ಸೇರುವ ಕಾಲೇಜು ಆ ಪಟ್ಟಿಯಲ್ಲಿದೆಯಾ ಎಂದು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಕೆಇಎ ಮೂಲಕ ಸೇರುವವರಿಗೆ ಇನ್ನೊಂದು ಬಾಗಿಲು ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ನಿಗಮಗಳ "ಅರಿವು" ಸಾಲ ಬ್ಯಾಂಕಿನ ಬಡ್ಡಿಗಿಂತ ತುಂಬಾ ಕಡಿಮೆಗೆ ಸಿಗುತ್ತದೆ. ಅರ್ಹತೆ ಇದ್ದೂ ಗೊತ್ತಿಲ್ಲದೆ ಬಿಟ್ಟವರು ಎಷ್ಟೋ ಮಂದಿ.

ಒಪಿಡಿಗೆ ಹೋಗಿ ಕೂತು ನೋಡಿ

ಇನ್ನು ನಾನು ಷರತ್ತು ಎಂದದ್ದು. ನನ್ನ ಪ್ರಕಾರ ಈ ಇಡೀ ಹೋಲಿಕೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇಲ್ಲ.

ಹಲ್ಲಿನ ಡಾಕ್ಟರಿಕೆ ಕೈಕೆಲಸ. ಮೊದಲ ಎರಡು ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟಿಕ್ ದವಡೆಯ ಮೇಲೆ ಫಿಲ್ಲಿಂಗ್ ಮಾಡುವುದು, ಹಲ್ಲಿನ ಸೆಟ್ಟಿನ ಲ್ಯಾಬ್ ಕೆಲಸ. ಇದು ಎಲ್ಲ ಕಾಲೇಜಿನಲ್ಲೂ ಹೆಚ್ಚುಕಡಿಮೆ ಒಂದೇ. ಮೂರನೇ ವರ್ಷದಲ್ಲಿ ನಿಜವಾದ ರೋಗಿ ಎದುರು ಕೂರುತ್ತಾರೆ. ಅಲ್ಲಿಂದ ಕಾಲೇಜು ಕಾಲೇಜಿಗೂ ವ್ಯತ್ಯಾಸ ಶುರು. ಪ್ರತಿ ವಿಭಾಗದಲ್ಲೂ ಇಷ್ಟು ಹಲ್ಲು ಕೀಳಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಕ್ಲೀನಿಂಗ್, ಇಷ್ಟು ಸೆಟ್ಟು ಎಂಬ ಕೋಟಾ ಇರುತ್ತದೆ. ರೋಗಿಗಳು ಧಾರಾಳ ಬರುವ ಕಡೆ ಮಕ್ಕಳು ಕೋಟಾ ಮುಗಿಸಿ ಇನ್ನೂ ಹತ್ತಾರು ಮಾಡಿರುತ್ತಾರೆ. ಬರದ ಕಡೆ ಮಕ್ಕಳೇ ರೋಗಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಆಟೋಗೆ ದುಡ್ಡು ಕೊಟ್ಟು, ಊಟ ಕೊಡಿಸಿ, ಪರಿಚಯದ ವಾಚ್‌ಮನ್ ಹತ್ತಿರ ಬೇಡಿ ಕರೆತರುತ್ತಾರೆ. ನಾನು ಓದುವಾಗಲೂ ಪರೀಕ್ಷೆಯ ಹಿಂದಿನ ವಾರ ಇದೇ ಪಾಡು.

ಒಂದು ಹಲ್ಲಿನ ಸೆಟ್ಟನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಅಜ್ಜಿ ಬೇಕು. ಮೊದಲ ದಿನ ಬಾಯಿಯ ಅಚ್ಚು. ಎರಡನೇ ಸಲ ಬಂದಾಗ ಸೂಕ್ಷ್ಮವಾದ ಅಚ್ಚು. ಮೂರನೇ ಸಲ ಮೇಲಿನ ದವಡೆ ಕೆಳಗಿನ ದವಡೆ ಹೇಗೆ ಕೂಡುತ್ತದೆ ಎಂದು ಮೇಣದ ಕಟ್ಟೆ ಇಟ್ಟು ಅಳತೆ. ಇಲ್ಲೇ ಮಕ್ಕಳು ಎಡವುವುದು. "ಅಜ್ಜಿ, ನಾಲಗೆ ಹಿಂದೆ ಮಡಚಿ, ಎಂಜಲು ನುಂಗಿ, ಹಾಗೇ ಬಾಯಿ ಮುಚ್ಚಿ" ಎಂದರೆ ಅಜ್ಜಿ ದವಡೆಯನ್ನು ಮುಂದಕ್ಕೆ ತರುತ್ತಾರೆ. ಮತ್ತೆ ಹೇಳಬೇಕು. ಸಮಾಧಾನದಲ್ಲಿ, ಅವರ ಭಾಷೆಯಲ್ಲಿ. ಆ ಅಳತೆ ಎರಡು ಮಿಲಿಮೀಟರ್ ತಪ್ಪಿದರೆ ಸೆಟ್ಟು ಡಬ್ಬದಲ್ಲೇ ಉಳಿಯುತ್ತದೆ. ನಾಲ್ಕನೇ ಸಲ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ನೋಡುವುದು. ಐದನೇ ಸಲ ಸೆಟ್ಟು ಕೊಡುವುದು. ಒಸಡು ಒತ್ತುತ್ತದೆ ಎಂದು ಆಮೇಲೂ ಬರುತ್ತಾರೆ. ಒಬ್ಬ ವಿದ್ಯಾರ್ಥಿ ಇಂಥ ಸೆಟ್ಟು ಬರೀ ಎರಡು ಮಾಡಿ ಹೊರಬಂದರೆ ಕಲಿತಂತೆ ಅಲ್ಲ. ಹತ್ತು ಹದಿನೈದು ಮಾಡಿದವರ ಕೈಗೆ ಮಾತ್ರ ಅದು ಕೂರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕಾಲೇಜಿನ ಬ್ರೋಷರ್ ಬದಿಗಿಟ್ಟು ವಾರದ ನಡುವಿನ ಒಂದು ದಿನ, ಬೆಳಗ್ಗೆ ಹತ್ತೂವರೆಗೆ ಆ ಕಾಲೇಜಿನ ಒಪಿಡಿಗೆ ಹೋಗಿ. ನೋಂದಣಿ ಕೌಂಟರಿನ ಎದುರು ಕೂತುಕೊಳ್ಳಿ. ಚೀಟಿ ಮಾಡಿಸಲು ಎಷ್ಟು ಜನ ನಿಂತಿದ್ದಾರೆ ನೋಡಿ. ವಯಸ್ಸಾದವರು ಇದ್ದಾರಾ, ಮಕ್ಕಳನ್ನು ಕರೆತಂದವರು ಇದ್ದಾರಾ? ಒಳಗೆ ಕುರ್ಚಿಗಳ ಮೇಲೆ ರೋಗಿಗಳಿದ್ದಾರಾ, ಬಿಳಿ ಕೋಟಿನ ಮಕ್ಕಳೇ ಕೂತು ಮೊಬೈಲ್ ನೋಡುತ್ತಿದ್ದಾರಾ? ಸಕ್ಷನ್ ಪೈಪು ಕೆಲಸ ಮಾಡುತ್ತಿದೆಯಾ? ಹೊರಗೆ ಚಹಾ ಕುಡಿಯುತ್ತಿರುವ ಇಂಟರ್ನ್ ಒಬ್ಬರನ್ನು ಮಾತಾಡಿಸಿ. "ಫೈನಲ್ ಇಯರ್‌ನಲ್ಲಿ ನೀವೇ ಎಷ್ಟು ರೂಟ್ ಕೆನಾಲ್ ಮಾಡಿದ್ರಿ? ಎಷ್ಟು ಹಲ್ಲು ಕಿತ್ತಿರಿ?" ಎಂದು ಕೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ. ಆ ಅಂಕಿಯೇ ಕಾಲೇಜಿನ ನಿಜವಾದ ರ್‍ಯಾಂಕು.

ಈ ಪರೀಕ್ಷೆಯಲ್ಲಿ ನಮ್ಮ ಊರಿನ ಕಾಲೇಜುಗಳಿಗೂ ರಿಯಾಯಿತಿ ಬೇಡ. ಮಂಗಳೂರಿನ ಸುತ್ತ ಇಷ್ಟೊಂದು ಡೆಂಟಲ್ ಕಾಲೇಜು, ಗಲ್ಲಿಗೊಂದು ಕ್ಲಿನಿಕ್. ಇರುವ ರೋಗಿಗಳು ಹಂಚಿ ಹೋಗುತ್ತಾರೆ. ಹಳ್ಳಿಗಳಲ್ಲಿ ಕ್ಯಾಂಪ್ ಮಾಡಿ, ಬಸ್ಸು ಕಳಿಸಿ ಜನರನ್ನು ಕರೆತರುವ ಕಾಲೇಜು ಒಳ್ಳೆಯದೇ. ಅದನ್ನು ಕೀಳಾಗಿ ನೋಡಬೇಡಿ. ಆ ಕಾಲೇಜು ತನ್ನ ಮಕ್ಕಳ ಕೈಗೆ ಕೆಲಸ ಕೊಡಲು ಒದ್ದಾಡುತ್ತಿದೆ ಎಂದರ್ಥ. ಇನ್ನು ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿನಂಥ ಕಡೆ ಬಡವರು ದೂರದೂರದಿಂದ ಬರುತ್ತಾರೆ. ಬಳ್ಳಾರಿ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಕಂದು ಕಲೆ ಬಿದ್ದ ಹಲ್ಲುಗಳು ಕಾಣಸಿಗುತ್ತವೆ, ಕರಾವಳಿಯಲ್ಲಿ ಅಡಿಕೆ, ಹೊಗೆಸೊಪ್ಪು ಜಗಿದು ಬಾಯಿ ತೆರೆಯಲಾಗದವರು. ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿ, "ಬಳ್ಳಾರಿ ದೂರ, ಬಿಸಿಲು" ಎಂದು ಬಿಟ್ಟು ಚೆನ್ನೈಗೆ ಲಕ್ಷಗಟ್ಟಲೆ ಕಟ್ಟುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಚೆನ್ನೈಯಲ್ಲೇನು ಬಿಸಿಲಿಲ್ವಾ?

ಹೊರರಾಜ್ಯದ ದೊಡ್ಡ ಕಾಲೇಜಿನ ಪರವಾಗಿ ಹೇಳುವ ಇನ್ನೊಂದು ಮಾತು ಯಂತ್ರಗಳದ್ದು. ಮೈಕ್ರೋಸ್ಕೋಪ್, ತ್ರೀಡಿ ಸ್ಕ್ಯಾನ್, ಕಂಪ್ಯೂಟರಿನಲ್ಲಿ ಕ್ಯಾಪ್ ಮಾಡುವ ಮೆಷಿನ್. ಇವೆಲ್ಲ ಇರುವುದು ನಿಜ. ಆದರೆ ಅವುಗಳಲ್ಲಿ ಕೈಯಾಡಿಸುವುದು ಹೆಚ್ಚಾಗಿ ಎಂಡಿಎಸ್, ಅಂದರೆ ಬಿಡಿಎಸ್ ಆದ ಮೇಲಿನ ಸ್ನಾತಕೋತ್ತರ ಡಿಗ್ರಿ, ಓದುವವರು. ಬಿಡಿಎಸ್ ಮಕ್ಕಳು ಹಿಂದೆ ನಿಂತು ನೋಡುತ್ತಾರೆ. ಎಂಡಿಎಸ್ ವಿದ್ಯಾರ್ಥಿಗಳು ತುಂಬಾ ಇರುವ ಕಾಲೇಜಿನಲ್ಲಿ ಕಷ್ಟದ ಕೇಸುಗಳೂ ಅವರ ಪಾಲಿಗೇ ಹೋಗುತ್ತವೆ.

ರೋಗಿಯ ಭಾಷೆ

ನಮ್ಮ ಮಕ್ಕಳಿಗೆ ಊರಿನಲ್ಲಿ ಒಂದು ಅನುಕೂಲ ಇದೆ, ಅದರ ಬೆಲೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಬೇನೆ ಆಪುಂಡು ಡಾಕ್ಟ್ರೇ" ಎಂದು ತುಳುವಿನಲ್ಲಿ ಹೇಳುವವರ ಹತ್ತಿರ ತುಳುವಿನಲ್ಲೇ ಕೇಳಬಹುದು. ರಾತ್ರಿ ಜಾಸ್ತಿಯಾ, ಬಿಸಿ ಕುಡಿದಾಗ ಬರುತ್ತದಾ, ಕಚ್ಚಿದಾಗ ಬರುತ್ತದಾ? ನೋವಿನ ಕಥೆಯನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ರೋಗನಿರ್ಣಯ ಆದ ಹಾಗೆ. ಕೊಂಕಣಿ, ಬ್ಯಾರಿ, ಮಲಯಾಳ ಕಿವಿಗೆ ಬಿದ್ದು ಬೆಳೆದವರು ನಾವು. ಅದೇ ಹುಡುಗಿ ಚೆನ್ನೈಗೆ ಹೋದರೆ ಮೂರನೇ ವರ್ಷದ ಹೊತ್ತಿಗೆ ತಮಿಳು ಕಲಿತಿರಬೇಕು. ಕಲಿಯುತ್ತಾರೆ, ಕಲಿಯಲಾರದ್ದೇನಲ್ಲ. ಆದರೆ ಐದು ಸಲ ಬರಬೇಕಾದ ಅಜ್ಜಿಯನ್ನು ಒಲಿಸಲು ಹರಕುಮುರುಕು ಭಾಷೆ ಸಾಲದು. ಮುಂದೆ ಕಾರ್ಕಳದಲ್ಲೋ ಕುಂದಾಪುರದಲ್ಲೋ ಕ್ಲಿನಿಕ್ ಇಡುವವರಿಗೆ ಇಲ್ಲಿನ ಬಾಯಿಗಳನ್ನೇ ನೋಡಿ ಕಲಿಯುವುದು ಲಾಭ. ಇಲ್ಲಿನ ಸೀನಿಯರ್‌ಗಳು, ಲ್ಯಾಬಿನವರು, ಸಾಮಾನು ಮಾರುವವರು ಎಲ್ಲರ ಪರಿಚಯ ಓದುವಾಗಲೇ ಆಗಿರುತ್ತದೆ.

ದೂರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂಗಳೂರಿನಿಂದ ಚೆನ್ನೈಗೆ ಒಂದು ರಾತ್ರಿಯ ರೈಲು ಇದೆ. ಬೆಂಗಳೂರಿಗೂ ಒಂದು ರಾತ್ರಿ, ಮಳೆಗಾಲದಲ್ಲಿ ಶಿರಾಡಿ ಘಾಟಿ ಕೈಕೊಟ್ಟರೆ ಇನ್ನೂ ಜಾಸ್ತಿ. ಕಾಸರಗೋಡು ಬೇರೆ ರಾಜ್ಯವಾದರೂ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ರಾಜ್ಯದ ಗಡಿ ನೋಡಿ ದೂರ ಅಳೆಯಬೇಡಿ, ಅಷ್ಟೇ.

ಎಂಡಿಎಸ್ ಮಾಡುವ ಆಸೆ ಇದ್ದರೆ

ಇದ್ದರೆ, ಬಿಡಿಎಸ್‌ನಲ್ಲಿ ದುಡ್ಡು ಉಳಿಸುವುದಕ್ಕೆ ಇನ್ನೂ ದೊಡ್ಡ ಕಾರಣ ಸಿಕ್ಕ ಹಾಗೆ. ಎಂಡಿಎಸ್ ಮೂರು ವರ್ಷ. ಸೀಟು ಕೊಡುವುದು ನೀಟ್ ಎಂಡಿಎಸ್ ರ್‍ಯಾಂಕು, ಬಿಡಿಎಸ್ ಕಾಲೇಜಿನ ಹೆಸರಲ್ಲ. ಅಲ್ಲಿ ಖಾಸಗಿ ಸೀಟಿನ ಫೀಸು ಬಿಡಿಎಸ್‌ಗಿಂತ ಮೇಲೆ, ಅದರಲ್ಲೂ ಹಲ್ಲು ನೇರ ಮಾಡುವ ಆರ್ಥೋಡಾಂಟಿಕ್ಸ್‌ನಂಥ ವಿಭಾಗಕ್ಕೆ. ಮೊದಲ ಸಾಲದ ತಲೆಯ ಮೇಲೆ ಎರಡನೇ ಸಾಲ ಹೊತ್ತವರನ್ನು ನಾನು ಬಲ್ಲೆ.

ಇನ್ನೊಂದು ಅಂಶಕ್ಕೆ ಹೆಚ್ಚು ಮಂದಿ ಗಮನ ಕೊಡುವುದಿಲ್ಲ. ಸರ್ಕಾರಿ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾ, ಅರ್ಧ ರಾಜ್ಯದ್ದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಪಿಜಿ ಸೀಟುಗಳ ಪ್ರಕರಣವೊಂದರಲ್ಲಿ, ಊರಿನವರು ಎಂಬ ಒಂದೇ ಕಾರಣಕ್ಕೆ ಮೀಸಲಾತಿ ಕೊಡುವಂತಿಲ್ಲ, ಆದರೆ ಆ ಸಂಸ್ಥೆಯಲ್ಲೇ ಓದಿದವರಿಗೆ ಮಿತಿಯೊಳಗೆ ಆದ್ಯತೆ ಕೊಡಬಹುದು ಎಂದಿತು. ಆ ತೀರ್ಪು ಬಂದದ್ದು ಎಂಬಿಬಿಎಸ್ ಕಡೆಯವರ ಪ್ರಕರಣದಲ್ಲಿ. ಆದರೂ ಗಾಳಿ ಯಾವ ಕಡೆ ಎಂದು ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಪಿಜಿ ಮಾಡುವ ಆಸೆ ಇರುವವರಿಗೆ ಬಿಡಿಎಸ್ ಕರ್ನಾಟಕದಲ್ಲೇ ಮಾಡಿರುವುದು ಹಿತ.

ಲೈಸೆನ್ಸ್ ವಿಷಯದಲ್ಲಿ ವ್ಯತ್ಯಾಸ ಇಲ್ಲ. ಮಾನ್ಯತೆ ಇರುವ ಯಾವ ಕಾಲೇಜಿನಲ್ಲಿ ಓದಿದರೂ ರಾಜ್ಯದ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿ ಕೆಲಸ ಮಾಡಬಹುದು. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿ ಓದಿನ ಕೊನೆಗೆ ಎಲ್ಲರಿಗೂ ಒಂದೇ ಎಕ್ಸಿಟ್ ಪರೀಕ್ಷೆಯ ಮಾತಿದೆ. ಗಲ್ಫ್‌ಗೆ ಹೋಗುವವರು ಅಲ್ಲಿನ ಲೈಸೆನ್ಸ್ ಪರೀಕ್ಷೆ ಬರೆಯಲೇಬೇಕು. ನಮ್ಮ ಕಡೆಯ ಮನೆಗಳಲ್ಲಿ ದುಬೈ ಕನಸು ಸಹಜ. ಆದರೆ ಅಲ್ಲಿ ಕೇಳುವುದು ಮಾನ್ಯತೆ ಇರುವ ಡಿಗ್ರಿ, ಅನುಭವ, ಪರೀಕ್ಷೆಯ ಅಂಕ.

ರ್‍ಯಾಂಕಿಂಗ್ ಬಗ್ಗೆ ಚಿಕ್ಕದಾಗಿ. 2023ರ ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ರ್‍ಯಾಂಕಿಂಗ್ ಪಟ್ಟಿಯ ದಂತ ವಿಭಾಗದಲ್ಲಿ ಚೆನ್ನೈಯ ಸವಿತಾ ಕಾಲೇಜು ಮೊದಲನೆಯದು, ನಮ್ಮ ಮಣಿಪಾಲ ಎರಡನೆಯದು. ದೊಡ್ಡ ಸಾಧನೆಯೇ. ಆದರೆ ಆ ಪಟ್ಟಿಯಲ್ಲಿ ಸಂಶೋಧನಾ ಪ್ರಬಂಧಗಳಿಗೆ, ಜನರ ಅಭಿಪ್ರಾಯಕ್ಕೆಲ್ಲ ಅಂಕ ಇದೆ. ಒಬ್ಬ ಬಿಡಿಎಸ್ ವಿದ್ಯಾರ್ಥಿ ತನ್ನ ಕೈಯಲ್ಲಿ ಎಷ್ಟು ಹಲ್ಲು ಕಿತ್ತ ಎಂಬುದು ಅದರಲ್ಲಿ ಕಾಣುವುದಿಲ್ಲ.

ಹಾಗಾದರೆ ಹೊರರಾಜ್ಯಕ್ಕೆ ಯಾವಾಗ?

ಮನೆಯಲ್ಲಿ ಸಾಲ ಇಲ್ಲದೆ ಕಟ್ಟುವ ಶಕ್ತಿ ಇದ್ದು, ಮಗುವಿಗೆ ಸಂಶೋಧನೆ, ಪಾಠ ಹೇಳುವ ಕೆಲಸದ ಕಡೆ ನಿಜವಾದ ಒಲವಿದ್ದರೆ ದೊಡ್ಡ ಡೀಮ್ಡ್ ಕಾಲೇಜು ಪ್ರಯೋಜನಕ್ಕೆ ಬರುತ್ತದೆ. ವಿದೇಶದಲ್ಲಿ ಮುಂದೆ ಓದುವವರಿಗೆ ಅಲ್ಲಿನ ಪ್ರಬಂಧ, ಪ್ರಾಧ್ಯಾಪಕರ ಪತ್ರ ಸಹಾಯ ಆಗಬಹುದು. ಅಪ್ಪ ಅಮ್ಮ ಅದೇ ಊರಿನಲ್ಲಿ ಕೆಲಸದಲ್ಲಿದ್ದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ, ಲೆಕ್ಕ ಬದಲಾಗುತ್ತದೆ. ಇನ್ನು ಊರಿನಲ್ಲಿ ಸಿಕ್ಕ ಕಾಲೇಜಿನ ಒಪಿಡಿಯಲ್ಲಿ ಹತ್ತೂವರೆಗೂ ಕುರ್ಚಿಗಳು ಖಾಲಿ ಇದ್ದರೆ, ಆಗ ನಾನೇ ಹೇಳುತ್ತೇನೆ, ಬೇಡ. ಆದರೆ ಆಗಲೂ ಮೊದಲು ಕೆಇಎ ಪಟ್ಟಿಯ ಬೇರೆ ಕಾಲೇಜು ನೋಡಿ. ದಾವಣಗೆರೆ, ಮೈಸೂರು, ಧಾರವಾಡ, ಬೆಳಗಾವಿಗಳಲ್ಲೂ ಡೆಂಟಲ್ ಕಾಲೇಜುಗಳಿವೆ. ಆಪ್ಷನ್ ತುಂಬುವಾಗ ಮಂಗಳೂರು, ಬೆಂಗಳೂರು ಎರಡೇ ಬರೆದು ಕೂರಬೇಡಿ.

ದುಡ್ಡು ಕಟ್ಟುವ ಮುಂಚೆ ಕಾಲೇಜಿಗೆ ಫೋನ್ ಮಾಡಿ ಕೆಲವು ವಿಷಯ ಖಚಿತ ಮಾಡಿಕೊಳ್ಳಿ. ಇಂಟರ್ನ್‌ಶಿಪ್ ವರ್ಷಕ್ಕೂ ಫೀಸು ಇದೆಯಾ? ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೈಗೆ ಕೊಡುತ್ತಾರಾ? ಫೀಸು ವರ್ಷವರ್ಷ ಏರುತ್ತದಾ? ಹಾಸ್ಟೆಲ್ ಕಡ್ಡಾಯವಾ? ಹತ್ಯಾರುಗಳ ಕಿಟ್ಟು ಅವರಿಂದಲೇ ಕೊಳ್ಳಬೇಕಾ? ಬಾಯಿಮಾತಿನ ಉತ್ತರ ಸಾಲದು, ಈಮೇಲ್‌ನಲ್ಲಿ ಬರೆಸಿಕೊಳ್ಳಿ.

ಠೇವಣಿ ಬಗ್ಗೆಯೂ ಎಚ್ಚರ ಇರಲಿ. ಎಂಸಿಸಿಯಲ್ಲಿ ಡೀಮ್ಡ್ ಸೀಟಿಗೆ ಹೆಸರು ನೋಂದಾಯಿಸಲು 2 ಲಕ್ಷ ರೂಪಾಯಿ ಠೇವಣಿ ಇಡಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬೇಡವೆಂದರೆ ತೊಂದರೆ ಇಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕಿದ್ದಕ್ಕೆ ಸೇರದಿದ್ದರೆ ಆ ದುಡ್ಡು ಹೋಯಿತು. ಕೆಇಎ ಮತ್ತು ಎಂಸಿಸಿ ಸುತ್ತುಗಳ ದಿನಾಂಕ ಒಂದರ ಮೇಲೊಂದು ಬೀಳುತ್ತವೆ. ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಒಪಿಡಿ ನೋಡಿ ಬರುವ ಕೆಲಸವನ್ನು ಮೊದಲ ಸುತ್ತಿನ ಆಪ್ಷನ್ ತುಂಬುವ ಮುಂಚೆಯೇ ಮುಗಿಸಿ. ಆಮೇಲೆ ಸಿಗುವುದು ಎರಡು ಮೂರು ದಿನ, ಅಷ್ಟರಲ್ಲಿ ಡಿಡಿ, ದಾಖಲೆ, ಬ್ಯಾಂಕು ಎಂದು ಓಡಾಡುವುದೇ ಆಗುತ್ತದೆ.